ಎಡಗೈಯ ಗವಸು

ಗವಸನ್ನು ಹಲ್ಲಿನಿಂದ ಹಾಕಿಕೊಂಡಿರಬಹುದಲ್ಲ? ಸಾಯುತ್ತಿರುವ ಮನುಷ್ಯ ತನಗಾಗಿ ಏನೇನು ಮಾಡಿಕೊಳ್ಳಬಲ್ಲ ಎಂಬುದನ್ನು ಬದುಕಿರುವವರು, ಹೀಟರ್ ಹಾಕಿದ ಕಾರಿನಲ್ಲಿ ಕೂತು, ಹೇಗೆ ತೀರ್ಮಾನಿಸುವುದು?

ಶಶಿಧರ ಬಲಗೈಯನ್ನು ಸೀಟ್ ಬೆಲ್ಟಿನ ಅಡಿಗೆ ಸಿಕ್ಕಿಸಿಕೊಂಡ. ದಪ್ಪ ಕೈಗವಸಿನ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಎಡಗೈಯನ್ನು ಒಳಗೆ ತೂರಿಸಿದ. ಹೋಯಿತು. ಹೋಗಬಾರದಿತ್ತು.

"ಹೋತೇನು?" ಸ್ಟಿಯರಿಂಗ್ ಹಿಡಿದಿದ್ದ ಅತ್ತಿಗೆ ಅನುಶ್ರೀ ರಸ್ತೆಯ ಮೇಲಿನ ಕಣ್ಣು ಕದಲಿಸದೆ ಕೇಳಿದಳು.

"ಹೋತ್ರಿ ವೈನಿ. ಆದ್ರ ಗಂಟು ಬೀಳವಲ್ದು."

"ಎರಡೂ ಕೈ ನೆಟ್ಟಗಿದ್ದಾಗನ ನಿಮ್ಮಣ್ಣಗ ಬೂಟಿನ ದಾರ ಕಟ್ಟಾಕ ಬರ್ತಿದ್ದಿಲ್ಲ," ಎಂದಳು. ನಗುವ ದನಿಯಲ್ಲೇ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಬೇರೇನೋ ಆಗಿತ್ತು.

ಶಶಿಧರ ಕೈಗವಸಿನ ಮಣಿಕಟ್ಟಿನಲ್ಲಿ ತೂಗುತ್ತಿದ್ದ ಎರಡು ದಾರಗಳನ್ನು ಮತ್ತೆ ಹಲ್ಲಿಗೆ ತೆಗೆದುಕೊಂಡ. ಒಂದು ಸುತ್ತು ಬಂತು, ಜಾರಿತು. ಅಭ್ಯಾಸವಿದ್ದವನಿಗೆ ಬಂದರೂ ಬಂದೀತು. ಆ ‘ಬಂದೀತು’ ಒಂದೇ ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು.

ದಕ್ಷಿಣ ಧ್ರುವದ ಕಡೆಯ ಮೊರೆಲ್ ದ್ವೀಪದಲ್ಲಿ, ಬಂಡೆಯ ಬುಡದ ಹಿಮದಲ್ಲಿ, ಬಲಗೈ ಎರಡು ಕಡೆ ಮುರಿದು ಅಣ್ಣ ಬಸವ ಸತ್ತು ಒಂದು ಚಳಿಗಾಲ ಕಳೆದಿತ್ತು. ಕಡಲ ಹಕ್ಕಿಗಳ ಅಧ್ಯಯನಕ್ಕೆ ಹೋದವನು. ಯಾರೂ ಒಂಟಿಯಾಗಿ ಹೊರಗೆ ಹೋಗಬಾರದೆಂಬ ನಿಯಮವನ್ನು ಮುರಿದ, ಅದಕ್ಕೇ ಸತ್ತ ಎಂದು ಅಲ್ಲಿನ ಸಂಶೋಧನಾ ಕೇಂದ್ರದವರು ಹೇಳಿ ಕೈತೊಳೆದುಕೊಂಡಿದ್ದರು.

ಆದರೆ ಶವ ನ್ಯೂಜೆರ್ಸಿಗೆ ಬಂದ ದಿನ ಬೇರೊಂದು ಸಂಗತಿ ನಡೆದಿತ್ತು. ಕ್ರಿಯೆ ಮಾಡಿಸಲು ಬಂದ ನಾಗಲಿಂಗಪ್ಪ ಕಾಕಾ, ಲಿಂಗಾಯತರ ಪದ್ಧತಿಯಂತೆ ಮಣ್ಣಿಗಿಡುವ ಮುನ್ನ ಅವನ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಡಬೇಕೆಂದು ಕೊರಳಿನ ಬೆಳ್ಳಿಯ ಕರಡಿಗೆ ಬಿಚ್ಚಿದರು. ಮುಚ್ಚಳ ಬಿಗಿಯಾಗಿತ್ತು, ಒಳಗೆ ಲಿಂಗವಿರಲಿಲ್ಲ. ದ್ವೀಪದ ವೈದ್ಯೆಗೆ ಫೋನ್ ಮಾಡಿದಾಗ ಅವಳೆಂದಳು: ಎಡಗೈಯ ಗವಸನ್ನು ಕತ್ತರಿಸಿ ತೆಗೆದಾಗ ಅಂಗೈಯಲ್ಲಿ ಒಂದು ಸಣ್ಣ ಕಪ್ಪು ಕಲ್ಲಿತ್ತು, ಪಾಪ, ಕೊನೆಯ ಗಳಿಗೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದನೇನೋ.

ಕಾಕಾ ಖಾಲಿ ಕರಡಿಗೆಯ ಮುಚ್ಚಳ ಹಾಕಿದರು. ಆಮೇಲೆ ಶಶಿಧರನ ಕಿವಿಯ ಹತ್ತಿರ ಬಂದು, "ಇದು ಸಾಯಾಂವ ಇಟಗೊಂಡದ್ದಲ್ಲಪಾ. ಕಳಿಸಿಕೊಡಾಂವ ಇಟ್ಟದ್ದು," ಎಂದಿದ್ದರು.

ಆ ದ್ವೀಪದಲ್ಲಿ ಇಷ್ಟಲಿಂಗವೆಂದರೇನು ಎಂದು ಬಲ್ಲವನು ಬಸವನನ್ನು ಬಿಟ್ಟರೆ ಒಬ್ಬನೇ. ಅದೇ ಕೇಂದ್ರದಲ್ಲಿ ಸೀಲ್ ಎಂಬ ಕಡಲ ಪ್ರಾಣಿಗಳ ಸಂಶೋಧನೆ ಮಾಡುತ್ತಿದ್ದ, ಹಾವೇರಿ ಕಡೆಯ ಪ್ರಭಾಕರ. ಅವನು ಅಣ್ಣನ ಶವಪೆಟ್ಟಿಗೆಗೆ ಹೆಗಲು ಕೊಟ್ಟಿದ್ದ. ಓಲ್ಡ್ ಬ್ರಿಡ್ಜ್ ಊರಿನ ಅಣ್ಣನ ಮನೆಯಲ್ಲಿ ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತಿದ್ದ. ಇಂದು ಸಂಜೆ ನೆವಾರ್ಕಿನಿಂದ ಅವನ ವಿಮಾನ. ಈ ಸಲ ಅವನು ದ್ವೀಪಕ್ಕೆ ಹೋಗುತ್ತಿದ್ದುದು ಕೇಂದ್ರದ ಮುಖ್ಯಸ್ಥನಾಗಿ. ಒಮ್ಮೆ ಹೋದನೆಂದರೆ ಸಮುದ್ರ ಹೆಪ್ಪುಗಟ್ಟುತ್ತದೆ, ಹಡಗು ನಿಲ್ಲುತ್ತದೆ, ಅಣ್ಣ ಸತ್ತ ಜಾಗವೂ ಅದರ ಸಾಕ್ಷಿಯೂ ಅವನ ಕೈಯೊಳಗೇ ಇರುತ್ತವೆ.

ವಿಮೆ ಕಂಪನಿಯೊಂದಕ್ಕೆ ಬೆಂಕಿ ಅನಾಹುತಗಳ ನಿಜ ಸುಳ್ಳು ಪತ್ತೆ ಮಾಡಿಕೊಡುವುದು ಶಶಿಧರನ ಉದ್ಯೋಗ. ಸುಟ್ಟ ಮನೆಯ ಮುಂದೆ ನಿಂತವರ ಮಾತಿಗಿಂತ ಅವರು ಮಾತು ನಿಲ್ಲಿಸುವ ಜಾಗವನ್ನು ನೋಡಬೇಕೆಂದು ಅವನು ಕಲಿತಿದ್ದ. ಇಂದು ಅವನ ಅಂಗಿಯ ಜೇಬಿನಲ್ಲಿ ಫೋನ್ ಇತ್ತು, ಅದರಲ್ಲಿ ಧ್ವನಿಮುದ್ರಣ ಶುರುಮಾಡುವುದೊಂದೇ ಬಾಕಿ. ಪ್ರಭಾಕರನ ಬಾಯಿಂದಲೇ ಮಾತು ಹೊರಡಬೇಕು. ಹೊರಡದಿದ್ದರೆ?

ಹೊರಡದಿದ್ದರೆ ಏನು ಮಾಡುತ್ತೇನೆಂದು ಅವನು ಯೋಚಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಹಳ ಸಲ ಯೋಚಿಸಿದ್ದ.

ಸೀಕಾಕಸ್ಸಿನ ಗೋದಾಮುಗಳ ಸಾಲಿನ ಕೊನೆಯಲ್ಲಿ, ಜೌಗಿನ ಜೊಂಡು ಶುರುವಾಗುವಲ್ಲಿ, ಗೆಳೆಯ ಝೀಶಾನನ ಕೋಲ್ಡ್ ಸ್ಟೋರೇಜ್. ಮೈಸೂರಿನವನು, ಮೀನು, ಮಾಂಸ, ಕುಲ್ಫಿ ಎಂದು ಅಂಗಡಿಗಳಿಗೆ ಒದಗಿಸುತ್ತಿದ್ದ. ಹಿಂಭಾಗದಲ್ಲಿ ಬಳಸದ ಸಣ್ಣ ಶೀತಕೋಣೆಯೊಂದಿತ್ತು. ಧ್ರುವದಿಂದ ಬಂದ ಉಣ್ಣೆಬಟ್ಟೆಗಳನ್ನು ಹುಳ ಸಾಯುವ ತನಕ ಶೀತದಲ್ಲಿಟ್ಟು ಆಮೇಲೆ ಮನೆಗೆ ಒಯ್ಯಬೇಕೆಂದು ಕೇಂದ್ರದವರು ಹೇಳಿದಾಗ, ಬಸವನ ಪೆಟ್ಟಿಗೆಗೆ ಜಾಗ ಕೊಟ್ಟವನು ಅವನೇ.

"ನಾನು ಜುಮ್ಮಾ ನಮಾಜಿಗೆ ಹೊರಟೆ ಶಶಿ," ಎಂದ ಝೀಶಾನ್, ಜಾಕೆಟ್ಟಿನ ಮೇಲೊಂದು ಜಾಕೆಟ್ ಹಾಕಿಕೊಳ್ಳುತ್ತ. "ಹುಡುಗ್ರೂ ನನ್ ಜೊತೆನೇ ಬರ್ತಾರೆ. ನಿಮ್ ಗೆಸ್ಟ್ ಬಂದಾಯ್ತು, ಕ್ಯಾಬಲ್ಲಿ ಬಂದ್ರು. ಟೀ ಕೊಟ್ಟೆ, ಬೇಡ ಅಂದ್ರು. ಹೊತ್ತಾಗುತ್ತೆ ನಾನ್ ಬರೋದು, ಬಿರಿಯಾನಿ ತಿಂದ್ಕೊಂಡೇ ಬರೋದು ನಾವು."

"ಆರಾಮಾಗಿ ಬಾ ಮಾರಾಯ."

ಶಶಿಧರ ಕಾರಿನ ಕಿಟಕಿಗೆ ಬಗ್ಗಿದ. "ವೈನಿ, ನೀವು ಇಲ್ಲೇ ಕುಂದರ್ರಿ. ನಿಮ್ಮನ್ನ ನೋಡಿದ್ರ ಅಂವ ಮತ್ತ ಅಳಾಕ ಶುರು ಮಾಡ್ತಾನ. ಅಳೋ ಮನುಷ್ಯಾನ ಬಾಯಾಗ ಮಾತು ಬರೂದಿಲ್ಲ."

"ಕುಂದರ್ತೀನಿ ಹೋಗು."

ಪ್ರಭಾಕರ ಶೀತಕೋಣೆಯ ಬಾಗಿಲಲ್ಲೇ ನಿಂತಿದ್ದ. ಗಾಳಿಗೆ ಸುಲಿದ ಮೂಗು, ನಗುವ ಕಣ್ಣು. ಪಕ್ಕದಲ್ಲಿ ಒಂದು ಸೂಟ್‌ಕೇಸ್.

"ಏನ್ ತಮ್ಮಾ, ಹೊಂಟಾಂವನ್ನ ಮೀನಿನ ಗೋದಾಮಿಗೆ ಕರಸೀದೆಲ್ಲ."

"ಪೆಟ್ಟಿಗ್ಯಾಗ ಸಿಕ್ಕ ಹಕ್ಕಿ ಕಾಲಿನ ಬಳಿ ನಿಮ್ಮ ಕೇಂದ್ರದವು ಅಂದ್ರೆಲ್ಲ ಅಣ್ಣಾರ. ನಿಮ್ಮ ಕೈಗೆ ಮುಟ್ಟಿಸಿಬಿಟ್ರ ನನಗ ಸಮಾಧಾನ."

ಶಶಿಧರ ಜೇಬಿನ ಫೋನಿನಲ್ಲಿ ಧ್ವನಿಮುದ್ರಣ ಶುರುಮಾಡಿ ಅವನ ಹಿಂದೆ ಒಳಗೆ ಹೋದ. ಭಾರವಾದ ಬಾಗಿಲು ತಾನಾಗಿ ಮುಚ್ಚಿಕೊಳ್ಳದಂತೆ ಶಶಿಧರ ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಸರಿಸಿದ. ಬೆಳಕಿನ ಕೆಳಗೆ ಇಬ್ಬರ ಉಸಿರೂ ಹೊಗೆಯಾಗಿ ಕಂಡಿತು.

"ಥಂಡಿ ಹೊರಗ ಹೋಗತೈತಿ, ಬಾಗಲಾ ಹಾಕಬಾರ್ದ?"

"ನನಗ ಉಸಿರು ಕಟ್ಟತೈತ್ರಿ."

"ಇದೇನ್ ಥಂಡಿ ಬಿಡು. ನಮ್ಮ ದ್ವೀಪದಾಗ ಇದಕ್ಕ ಬ್ಯಾಸಿಗಿ ಅಂತೀವಿ." ಪ್ರಭಾಕರ ಫೋನ್ ತೆಗೆದು ನೋಡಿದ. "ಸಿಗ್ನಲ್ ಇಲ್ಲ?"

"ಗ್ವಾಡಿ ತುಂಬ ತಗಡು ಐತಲ್ರಿ."

ಬಸವನ ಪೆಟ್ಟಿಗೆ ನೆಲದ ಮೇಲಿತ್ತು. ಶಶಿಧರ ಅದರೊಳಗಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಆ ಶೀತದಲ್ಲೂ ಬೆಳ್ಳುಳ್ಳಿಯ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ಅನುಶ್ರೀ ಶೇಂಗಾ ಚಟ್ನಿ ತುಂಬಿ ಕಳಿಸಿದ್ದ ಡಬ್ಬಿ. ಈಗ ಅದರಲ್ಲಿ ಇದ್ದುದು ಹಕ್ಕಿಗಳ ಗುರುತಿಗೆ ಕಾಲಿಗೆ ತೊಡಿಸುವ ಲೋಹದ ಸಣ್ಣ ಬಳೆಗಳು, ಡಬ್ಬಿಯ ಕಂಠದ ತನಕ.

ಅಣ್ಣನ ಸಾಮಾನು ಕಟ್ಟಿ ಕಳಿಸಿದವನು ಪ್ರಭಾಕರನೇ. ಚಟ್ನಿಯ ಡಬ್ಬಿಯನ್ನು ಬಿಚ್ಚಿ ನೋಡಬೇಕೆಂದು ಅವನಿಗೆ ಹೊಳೆದಿರಲಿಲ್ಲ.

"ಹೌದು, ಸ್ಕೂವಾ ಹಕ್ಕಿಯವು," ಎಂದ ಪ್ರಭಾಕರ, ಒಂದನ್ನು ಬೆರಳಲ್ಲಿ ತಿರುಗಿಸುತ್ತ. "ನಿಮ್ಮಣ್ಣನ ಜೀವ ಅವು. ಹದ್ದಿನಂಥ ಹಕ್ಕಿ, ಕಂದು ಬಣ್ಣ, ಮಹಾ ಪುಂಡ. ಗೂಡಿನ ಹತ್ರ ಹೋದ್ರ ತಲೀಗೇ ಬಂದು ಬಡೀತಾವು. ಬಸವ ತಲಿ ಮ್ಯಾಲೆ ಒಂದು ಕೋಲು ಎತ್ತಿ ಹಿಡಕೊಂಡು ಅಡ್ಡಾಡ್ತಿದ್ದ. ಎಲ್ಲಾರಿಗಿಂತ ಎತ್ತರ ಯಾವುದೈತಿ ಅದಕ್ಕ ಬಡೀತಾವು ಅವು. ಬಸವನ್ನ ನೋಡಿ ನಾವು ‘ಜಾತ್ರಿಗೆ ಹೊಂಟಾನ ನಂದಿಕೋಲು ಹೊತ್ತುಗೊಂಡು’ ಅಂತಿದ್ವಿ."

ಶಶಿಧರ ನಗಲಿಲ್ಲ. "ಬದುಕಿದ ಹಕ್ಕಿ ಕಾಲಾಗಿಂದ ಬಳಿ ತಗೀತಾರೇನ್ರಿ?"

ಪ್ರಭಾಕರನ ಬೆರಳು ನಿಂತಿತು.

ಶಶಿಧರ ಕಾದ. ಹಕ್ಕಿ ಜೀವಂತವಾಗಿರುವ ತನಕ ಬಳೆ ಅದರ ಕಾಲಿನದು, ಸತ್ತ ಮೇಲಷ್ಟೇ ಮನುಷ್ಯನದು ಎಂದು ಅಣ್ಣ ಒಮ್ಮೆ ಹೇಳಿದ್ದ.

"ಸಾಯ್ತಾವು ತಮ್ಮಾ. ಅಲ್ಲೆ ಸಾವು ಅಂದ್ರ ದಿನದ ಊಟ ಇದ್ದಂಗ. ಪೆಂಗ್ವಿನ್ ಮರಿ ಸ್ಕೂವಾಕ್ಕ, ಸ್ಕೂವಾ ಇನ್ನೊಂದು ಸ್ಕೂವಾಕ್ಕ..."

"ಒಂದ ಬ್ಯಾಸಿಗ್ಯಾಗ ಒಂದ ಗುಡ್ಡದ ಮ್ಯಾಲೆ ಒಂದು ಡಬ್ಬಿ ತುಂಬ?"

ಪ್ರಭಾಕರ ಬಾಗಿಲ ಕಡೆ ನೋಡಿದ, ಶಶಿಧರ ಬಿಡಲಿಲ್ಲ.

"ಹಕ್ಕಿಜ್ವರ ಬಂದಿತ್ತು. ಅಣ್ಣ ಕಂಡುಹಿಡದಿದ್ದ. ಹೊರಗ ಗೊತ್ತಾಗಿದ್ರ ಮನಷ್ಯಾರು ಅಲ್ಲೆ ಕಾಲಿಡಂಗಿಲ್ಲ. ದ್ವೀಪ ಬಂದ್. ನಿಮ್ಮ ಸೀಲ್ ಪ್ರಾಜೆಕ್ಟೂ ಬಂದ್. ಖರೇನೋ ಸುಳ್ಳೋ?"

ಪ್ರಭಾಕರ ಬಳೆಯನ್ನು ಡಬ್ಬಿಗೆ ಹಾಕಿದ. ಮುಖದಿಂದ ನಗು ಇಳಿದು ಅಲ್ಲೊಂದು ದಣಿವು ಕೂತಿತು.

"ಖರೆ. ಅರ್ಧ ಆಯುಷ್ಯ ಆ ಸೀಲುಗಳ ಹಿಂದ ಹೋಗೇತಿ ನಂದು. ಸಂಸಾರ ಬಿಟ್ಟೆ, ಊರು ಬಿಟ್ಟೆ. ಒಂದು ಸೀಜನ್ ತಡಿ ಮಾರಾಯಾ ಅಂದೆ ಅವಗ. ಕೇಳಲಿಲ್ಲ. ನಾ ಮುಚ್ಚಿಟ್ಟೆ, ಒಪ್ಪಗೋತೀನಿ. ಬೇಕಾದ್ರ ನೌಕರಿ ಕಳಿ. ಆದ್ರ ಅಂವ ಬಿದ್ದಾಗ ನಾ ಅಲ್ಲೆ ಇದ್ದಿಲ್ಲ. ಕೇಂದ್ರದಾಗ ಇದ್ದೆ."

ಇದು ಶಶಿಧರನಿಗೆ ಗೊತ್ತಿದ್ದ ಆಟ. ಅಂಗಡಿಗೆ ತಾನೇ ಬೆಂಕಿ ಇಟ್ಟವನು, ಸ್ಟೌ ಆರಿಸಲು ಮರೆತೆ ಎಂದು ಕಣ್ಣೀರು ಹಾಕುತ್ತಾನೆ. ಸಣ್ಣ ತಪ್ಪನ್ನು ತಟ್ಟೆಯಲ್ಲಿಟ್ಟು ಕೊಡುವವನ ಇನ್ನೊಂದು ಕೈಯನ್ನು ನೋಡಬೇಕು.

ಅವನು ಪೆಟ್ಟಿಗೆಯಿಂದ ಅಣ್ಣನ ಎಡಗೈಯ ಗವಸನ್ನು ತೆಗೆದ. ಅಂಗೈಯ ಉದ್ದಕ್ಕೂ ಕತ್ತರಿಯಿಂದ ಸೀಳಿದ್ದರು. ಮಣಿಕಟ್ಟಿನ ದಾರಕ್ಕೆ ಯಾರೂ ಕೈಹಚ್ಚಿರಲಿಲ್ಲ. ಅದರ ಗಂಟು ಹಾಗೇ ಇತ್ತು. ಬಿಗಿಯಾದ ಎರಡು ಸುತ್ತಿನ ಗಂಟು.

"ಇದರೊಳಗ ಅಣ್ಣನ ಲಿಂಗ ಇತ್ತು."

"ಪುಣ್ಯವಂತ. ಲಿಂಗ ಹಿಡಕೊಂಡ ಹ್ವಾದ."

"ಯಾರು ಕೊಟ್ರು ಕೈಯಾಗ?"

"ತಾನ ತಗೊಂಡಿರಬೇಕು. ಜೀವ ಹೋಗೂ ಹೊತ್ತು ತಿಳೀತೈತಿ ಮನಷ್ಯಾಗ."

"ಬಲಗೈ ಎರಡು ಕಡೆ ಮುರದಿತ್ತು." ಶಶಿಧರ ಕಾರಿನಲ್ಲಿ ಹಾಕಿ ನೋಡಿದ್ದ ಹೊಸ ಗವಸನ್ನು ಮುಂದೆ ಹಿಡಿದ. "ಬಲಗೈ ಬೆನ್ನಹಿಂದ ಇಟಗೋರಿ. ಹಾಕ್ಕೊಂಡು ತೋರಸ್ರಿ."

"ಏನಿದು ಹುಡುಗಾಟ?"

"ಲಿಂಗ ಅಂತ ಇದೊಂದು ಬಳಿ ಹಿಡೀರಿ ಅಂಗೈಯಾಗ. ಹಾಕ್ಕೋರಿ. ಗಂಟು ಬಿತ್ತಂದ್ರ ನಾ ನಿಮ್ಮ ಕಾಲು ಹಿಡದು ತಪ್ಪಾತು ಅಂತೀನಿ. ವಿಮಾನದ ತನಕ ಸೂಟ್‌ಕೇಸ್ ಹೊರ್ತೀನಿ."

ಪ್ರಭಾಕರ ಅವನನ್ನೇ ನೋಡಿದ. ಹೋಗಿಬಿಡಬಹುದಿತ್ತು, ಬಾಗಿಲು ತೆರೆದೇ ಇತ್ತು. ಆದರೆ ಹೋದರೆ ಆ ಹೋಗುವುದೇ ಉತ್ತರವಾಗುತ್ತಿತ್ತು. ಅವನು ಬಲಗೈಯನ್ನು ಬೆನ್ನ ಹಿಂದಕ್ಕೆ ಒಯ್ದ. ಹಲ್ಲಿನಿಂದ ಗವಸನ್ನೆಳೆದ. ಮೊದಲ ಸಲಕ್ಕೆ ಬಳೆ ನೆಲಕ್ಕೆ ಬಿತ್ತು. ಎರಡನೆಯ ಸಲ ಗವಸು ಅರ್ಧಕ್ಕೆ ನಿಂತಿತು. ಮೂರನೆಯ ಸಲ ಕೈ ಒಳಗೆ ಹೋಯಿತು. ದಾರ ಹಲ್ಲಿಗೆ ಬಂತು, ಜಾರಿತು, ಬಂತು, ಜಾರಿತು. ಅವನ ಗಡ್ಡದ ಮೇಲೆ ಉಸಿರು ಮಂಜಾಗಿ ಕೂರತೊಡಗಿತ್ತು.

ಶಶಿಧರನ ಒಳಗೆ ಒಂದು ದನಿ ಬೇಡುತ್ತಿತ್ತು: ಗಂಟು ಬೀಳದಿರಲಿ. ಯಾರನ್ನು ಬೇಡುತ್ತಿದ್ದೇನೆ ಎಂದು ಅವನಿಗೇ ತಿಳಿಯಲಿಲ್ಲ. ಒಂದು ವರ್ಷದಿಂದ ಬೂದಿ ಮುಚ್ಚಿಟ್ಟ ಕೆಂಡ ಅದು. ಈಗ ಈ ಮನುಷ್ಯ ಗಂಟು ಹಾಕಿಬಿಟ್ಟರೆ ಅದನ್ನು ಎಲ್ಲಿ ಇಡುವುದು?

ಪ್ರಭಾಕರ ದಾರವನ್ನು ಬಾಯಿಂದ ಬಿಟ್ಟ. ಗವಸು ಹಾಕಿದ ಕೈಯನ್ನು ಮುಂದೆ ಚಾಚಿಕೊಂಡು, ಅದು ಬೇರೆ ಯಾರದೋ ಎಂಬಂತೆ ನೋಡಿದ.

"ಕರಡಿಗಿ ಮುಚ್ಚಳಾನೂ ಹಾಕಿತ್ತು," ಎಂದ ಶಶಿಧರ ಮೆಲ್ಲಗೆ. "ಅಣ್ಣ ತನ್ನ ಲಿಂಗಾನ ವೈನಿಗೂ ಮುಟ್ಟಗೊಡ್ತಿದ್ದಿಲ್ಲ. ಸತ್ತ ಮ್ಯಾಲೆ ಯಾರೋ ಮುಟ್ಯಾರ. ಎಡಗೈಯಾಗ ಇಡಬೇಕು ಅಂತ ಗೊತ್ತಿದ್ದಾಂವ ಮುಟ್ಯಾನ. ಅಲ್ಲೆ ಅಂಥಾಂವ ಒಬ್ಬನ ಇದ್ದ."

ಪ್ರಭಾಕರ ಗೋಡೆಯ ತಗಡಿಗೆ ಬೆನ್ನು ಕೊಟ್ಟು ನಿಧಾನವಾಗಿ ಕುಕ್ಕರಗಾಲಲ್ಲಿ ಕೂತ.

"ಸತ್ತ ಮ್ಯಾಲೆ ಅಲ್ಲ," ಎಂದ.

ಶಶಿಧರನ ಕೈ ಜೇಬಿನ ಫೋನಿನ ಮೇಲೆ ಹೋಯಿತು.

"ಅಂವ ಕೇಳಿದ. ‘ಲಿಂಗ ಕೈಯಾಗ ಕೊಡು ಪ್ರಭಾ’ ಅಂದ. ಮಾತು ನೆಟ್ಟಗಿತ್ತು, ಎಚ್ಚರಿತ್ತು. ಬಂಡೆಗಲ್ಲಿನ ಮ್ಯಾಲೆ ಜಗಳ ಆತು, ಹಕ್ಕಿಜ್ವರದ ಸುದ್ದಿ ನಾಳೆ ರೇಡಿಯೋದಾಗ ಹೇಳೇ ಹೇಳ್ತೀನಿ ಅಂದ. ನಾ ತೋಳು ಹಿಡದೆ. ಅಂವ ಕೊಡವಿದ. ಜಾರಿತು. ನಾ ನೂಕಿಲ್ಲ ತಮ್ಮಾ, ದೇವರಾಣಿಗೂ ನೂಕಿಲ್ಲ."

"ಆಮ್ಯಾಲೆ?"

"ಕೆಳಗ ಇಳದ ಹೋದೆ. ಅವನ ಕಾಲೂ ಏಳವಲ್ವು. ಸ್ಕೂವಾ ಬಂದು ಸುತ್ತ ಕುಂತಿದ್ವು, ಎಂಟು ಹತ್ತು. ಅವಕ್ಕ ತಿಳೀತೈತಿ. ಒಂದು ಬಂದು ಬೂಟು ಕುಕ್ಕಿ ನೋಡ್ತು. ಲಿಂಗ ಕೊಟ್ಟೆ. ಬರೇಗೈಯಾಗಿದ್ರ ಹಕ್ಕಿ ಕಸಗೊಂಡ ಹೋದಾವು ಅಂತ ಗ್ಲೋವ್ ಹಾಕಿ ದಾರ ಕಟ್ಟಿದೆ. ‘ಮಂದೀನ ಕರಕೊಂಡ ಬರ್ತೀನಿ’ ಅಂತ ಹೇಳಿದೆ."

"ಕರದ್ರೇನು?"

ಪ್ರಭಾಕರ ಗವಸಿನ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡ.

"ಹೋಗೂ ತನಕ ಕರೀಬೇಕಂತನ ಹೋದೆ. ಬಾಗಲಾ ತಗದೆ. ಒಳಗ ಬೆಚ್ಚಗಿತ್ತು. ಎಲ್ಲಾರೂ ಊಟಕ್ಕ ಕುಂತಿದ್ರು. ‘ಬಸವ ಎಲ್ಲಿ?’ ಅಂದ್ರು. ‘ಮಲಗ್ಯಾನ’ ಅಂದೆ. ಯಾಕ ಹಂಗಂದೆ ನನಗ ಗೊತ್ತಿಲ್ಲ. ಒಮ್ಮೆ ಅಂದ ಮ್ಯಾಲೆ ಇನ್ನೊಂದು ಅನ್ನಾಕ ಆಗಲಿಲ್ಲ. ತಾಟು ಕೊಟ್ರು, ಉಂಡೆ."

"ಹಕ್ಕಿ ಬಾಯಿಂದ ಲಿಂಗ ಉಳಿಸಿದ್ರಿ," ಎಂದ ಶಶಿಧರ. ಅವನ ದನಿ ಏರಲಿಲ್ಲ. "ಬೆಚ್ಚಗ ಗ್ಲೋವ್ ಹಾಕಿ, ದಾರ ಕಟ್ಟಿ. ಅದನ್ನ ಹಿಡಕೊಂಡಾಂವನ್ನ ಹಕ್ಕಿಗೆ ಬಿಟ್ರಿ. ಮ್ಯಾಲೆ, ಅಂವ ಒಬ್ಬನ ಹೋಗಿ ಸತ್ತ ಅಂತ ಹೆಸರೂ ಕೆಡಿಸಿದ್ರಿ."

"ನಾ ದಿನಾ ಸಾಯ್ತೀನಿ ತಮ್ಮಾ."

"ಇಲ್ಲ. ದಿನಾ ಉಣ್ತೀರಿ."

ಪ್ರಭಾಕರ ಮುಖ ಮುಚ್ಚಿಕೊಂಡ. ಒಂದು ಬರಿಗೈ, ಒಂದು ಗವಸಿನ ಕೈ. ಶಶಿಧರ ಬಳೆಗಳ ಡಬ್ಬಿಯನ್ನೂ ಸೀಳಿದ ಗವಸನ್ನೂ ಎತ್ತಿಕೊಂಡ. ಬೇಕಾದದ್ದೆಲ್ಲ ಸಿಕ್ಕಿತ್ತು. ಮಾತು ಫೋನಿನಲ್ಲಿತ್ತು. ಪೊಲೀಸರಿಗೆ, ಕೇಂದ್ರಕ್ಕೆ, ವಿಮಾನ ಹೊರಡುವ ಮುನ್ನವೇ ಮುಟ್ಟಿಸಬಹುದಿತ್ತು. ಅಣ್ಣನ ಹೆಸರಿನ ಮೇಲಿನ ಮಸಿ ಇಂದು ಸಂಜೆಯೊಳಗೆ ತೊಳೆದುಹೋಗುತ್ತಿತ್ತು.

ಅವನು ರಟ್ಟಿನ ಪೆಟ್ಟಿಗೆ ದಾಟಿ ಹೊರಗೆ ಬಂದ.

ಬಾಗಿಲ ಮರೆಯಲ್ಲಿ ಅನುಶ್ರೀ ನಿಂತಿದ್ದಳು. ಕೋಟಿನ ಗುಂಡಿ ಹಾಕಿಕೊಂಡಿರಲಿಲ್ಲ. ಎಷ್ಟು ಹೊತ್ತಿನಿಂದ ಎಂದು ಕೇಳುವ ಅಗತ್ಯ ಬೀಳಲಿಲ್ಲ, ತುಟಿ ನೀಲಿಯಾಗಿತ್ತು. ಅವಳು ಅಳುತ್ತಿರಲಿಲ್ಲ. ತನ್ನ ಆಸ್ಪತ್ರೆಯ ಕೆಲಸದಲ್ಲಿ ರೋಗಿಯ ನಾಡಿ ಹಿಡಿದು ಗೋಡೆಯ ಗಡಿಯಾರ ನೋಡುವಾಗಿನ ಮುಖ ಅದು.

ಅವಳು ಕಾಲಿನಿಂದ ರಟ್ಟಿನ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಬಾಗಿಲು ತನ್ನ ಭಾರಕ್ಕೆ ತಾನೇ ಬಂದು ಕೂತಿತು. ಸರಪಳಿಯಲ್ಲಿ ತೂಗುತ್ತಿದ್ದ ಕಬ್ಬಿಣದ ಗೂಟವನ್ನೆತ್ತಿ ಕೊಂಡಿಯೊಳಗೆ ಇಳಿಸಿದಳು.

"ತಮ್ಮಾ?" ಒಳಗಿನ ದನಿ ದೂರದಿಂದ ಬಂದಂತಿತ್ತು. ಬಾಗಿಲು ಬಿಡಿಸುವ ಒಳಗಿನ ಗುಂಡಿಯನ್ನು ಒತ್ತಿದ ಸದ್ದು. ಬಾಗಿಲು ಅಲುಗಿತು, ಗೂಟ ಕಿರುಗುಟ್ಟಿತು, ಕೊಂಡಿ ಬಿಡಲಿಲ್ಲ. "ಶಶಿ, ಬಾಗಲಾ ಹಾಕ್ಕೊಂಡೈತಿ ನೋಡು."

"ವೈನಿ," ಎಂದ ಶಶಿಧರ.

ಅನುಶ್ರೀ ಅವನ ಕೈಯಿಂದ ಚಟ್ನಿಯ ಡಬ್ಬಿಯನ್ನು ತೆಗೆದುಕೊಂಡು ಎದೆಗೆ ಒತ್ತಿಕೊಂಡಳು.

"ಮಂದೀನ ಕರಕೊಂಡ ಬರ್ತೀನಿ ಅಂತ ಹೇಳಿ ಬಂದಿದ್ನಲ್ಲ ಅಂವ. ನಡಿ, ನಾವೂ ಕರಕೊಂಡ ಬರೂಣು."

ಅವಳು ಕಾರಿನ ಕಡೆ ನಡೆದಳು. ಹಿಂದೆ ಬಡಿತ ಶುರುವಾಗಿತ್ತು. ಮೊದಲು ಅಂಗೈಯಿಂದ, ಆಮೇಲೆ ಮುಷ್ಟಿಯಿಂದ. ಗೋದಾಮಿನಲ್ಲಿ ಅದನ್ನು ಕೇಳಲು ಬೇರೆ ಯಾರೂ ಇರಲಿಲ್ಲ. ಗೂಟ ಶಶಿಧರನ ಕೈಗೆ ಎಟುಕುವಷ್ಟು ಹತ್ತಿರವಿತ್ತು. ಅವನು ಅದನ್ನು ನೋಡಿದ. ಜೇಬಿನ ಫೋನ್ ಇನ್ನೂ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು. ಫೋನ್ ತೆಗೆದು ಧ್ವನಿಮುದ್ರಣ ನಿಲ್ಲಿಸಿದ.

ಆಮೇಲೆ ಹೋಗಿ ಕಾರಿನಲ್ಲಿ ಕೂತ. ಅನುಶ್ರೀ ಗಾಡಿ ಹಿಂದಕ್ಕೆ ತೆಗೆದಳು, ಗೇಟು ದಾಟಿಸಿದಳು, ಕೆಂಪು ದೀಪದಲ್ಲಿ ನಿಲ್ಲಿಸಿ ಅವನ ಕಡೆ ಒಮ್ಮೆ ತಿರುಗಿ ನೋಡಿದಳು, ಅವನು ಏನಾದರೂ ಹೇಳುತ್ತಾನೇನೋ ಎಂಬಂತೆ.

ಹೋಗಿ ಬಾಗಿಲು ತೆಗೆಯೋಣ ಎಂದು ಶಶಿಧರ ಹೇಳಲಿಲ್ಲ.